ನಾಲ್ಕು ಬೆರಳು ಸರಿದ ಗೂಟ

ನೂಲು ಮೇಸ್ತ್ರಿ ಎಂದರೆ ನಮ್ಮ ಕಡಲ ದಂಡೆಯಲ್ಲಿ ಅರಿಯದವರಿರಲಿಲ್ಲ. ಹೆತ್ತವರು ಇಟ್ಟ ಹೆಸರು ಅವನ ಅಕ್ಕನೊಬ್ಬಳಿಗೆ ನೆನಪಿದ್ದರೆ ಇದ್ದೀತು. ಗಾರೆ ಕೆಲಸದವರೆಲ್ಲ ಎರಡು ಗೂಟ ಹೊಡೆದು, ನಡುವೆ ನೂಲು ಬಿಗಿದು, ಅದರ ಗುಂಟ ಗೋಡೆ ಎಬ್ಬಿಸುತ್ತಾರೆ. ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಇವನು ಕೋಳಿಗೂಡು ಕಟ್ಟುವಾಗಲೂ ನೂಲು ಬಿಗಿಯುವವನು. ಗೋಡೆ ಎದ್ದ ಮೇಲೆ ಅದರ ಒಂದು ತುದಿಗೆ ಹೋಗಿ, ಕೆನ್ನೆಯನ್ನು ಇಟ್ಟಿಗೆಗೆ ಒತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತಿದ್ದ. ಸಾಸಿವೆಯಷ್ಟು ಉಬ್ಬಿದ್ದರೂ ಸಿಕ್ಕಿಬೀಳುತ್ತಿತ್ತು. "ಎದುರಿಗೆ ನಿಂತು ನೋಡೋನು ಮನೆ ಯಜಮಾನ, ಮಗ್ಗುಲಿಗೆ ನಿಂತು ನೋಡೋನು ಮೇಸ್ತ್ರಿ" ಎನ್ನುತ್ತಿದ್ದ.

ನಾನು ಬಡಗಿ. ಅವನ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟಿಕೊಡುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಒಟ್ಟಿಗೆ ದುಡಿದೆವು. ಈ ಸಂಗತಿಯನ್ನು ನಾನು ಯಾರ ಬಾಯಿಂದಲೋ ಕೇಳಿ ಬರೆಯುತ್ತಿಲ್ಲ. ಅವನ ಪಕ್ಕದಲ್ಲಿ ನಿಂತು ಕಂಡದ್ದನ್ನು ಬರೆಯುತ್ತಿದ್ದೇನೆ.

ಅವನಿಗೆ ಅಕ್ಕನೇ ತಾಯಿ. ಇವನಿಗೆ ಎರಡು ವರ್ಷವಿದ್ದಾಗ ಹೆತ್ತವಳು ಹೋದಳು. ಹನ್ನೊಂದರ ಅಕ್ಕ ಇವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹಾಯಿ ಹೊಲಿಯುವುದನ್ನು ಕಲಿತಳು. ಮದುವೆಯಾದಳು, ಗಂಡನನ್ನು ಕಳೆದುಕೊಂಡಳು, ದಬ್ಬಳ ಮಾತ್ರ ಬಿಡಲಿಲ್ಲ. ಹಳ್ಳ ಬಂದು ಕಡಲು ಸೇರುವ ಕಡೆ, ಮರಳ ದಿಬ್ಬದ ಮೂಗಿನ ಮೇಲೆ, ಅವಳದು ಹಲಗೆ ಗೋಡೆಯ ಉದ್ದನೆಯ ಮನೆ. ಹಾಯಿ ಹರಡಿ ಹೊಲಿಯಬೇಕಾದರೆ ನಲವತ್ತಡಿ ಕೋಣೆಯಾದರೂ ಬೇಕಲ್ಲ. ಕಡಲ ಕಡೆಯ ಕಿಟಕಿಗೆ ಮುಖಮಾಡಿ, ಗಿಡ್ಡ ಬೆಂಚಿನ ಮೇಲೆ ಕೂತು, ಅಂಗೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡು ಬೆಳಗಿನಿಂದ ಬೈಗಿನವರೆಗೆ ದಬ್ಬಳ ದೂಡುತ್ತಿದ್ದಳು. ಬಾಯಿ ಮಾತ್ರ ದಬ್ಬಳಕ್ಕಿಂತ ಚೂಪು. ಇಡೀ ದಂಡೆಯೇ ಅವಳನ್ನು ಅಕ್ಕಾ ಎಂದು ಕರೆಯುತ್ತಿತ್ತು, ಅವಳಿಗಿಂತ ಹಿರಿಯರೂ ಸೇರಿ.

ಯುದ್ಧದ ಎರಡನೆಯ ವರ್ಷ ಸೇನೆಯವರು ಬಂದರು. ಕುಡುಗೋಲಿನಂತೆ ಬಾಗಿದ ನಮ್ಮ ದಂಡೆಯ ಎರಡು ತುದಿಗಳಲ್ಲಿ ಮೆಷಿನ್ ಗನ್ ಇಡುವ ಕಾಂಕ್ರೀಟ್ ಕೋಣೆಗಳನ್ನು ಕಟ್ಟಬೇಕೆಂದು ಹುಕುಂ ಆಯಿತು. ಮೇಲ್ವಿಚಾರಣೆಗೆ ಬಂದ ಕ್ಯಾಪ್ಟನ್ ಕನ್ನಡಕದವನು, ಇಪ್ಪತ್ತೆಂಟರ ಆಸುಪಾಸು, ಮಾತು ಕಡಿಮೆ. ನಕ್ಷೆ ಬಿಡಿಸಿದಾಗ ಕೂಲಿಯವರೆಲ್ಲ ಮುಖ ಮುಖ ನೋಡಿಕೊಂಡರು. ಕಡಲ ಕಡೆಗೆ ಐದಡಿ ದಪ್ಪದ ಕುರುಡು ಗೋಡೆ. ಗನ್ನಿನ ಬಾಯಿ ಹೊರಬರುವ ಕಿಂಡಿ ಪಕ್ಕದ ಗೋಡೆಯಲ್ಲಿ.

"ಶತ್ರು ಬರೋದು ಕಡಲಿಂದ. ಇದು ಕಡಲಿಗೆ ಮುಖಾನೇ ತೋರಿಸಲ್ವಲ್ಲ! ಇದೇನು ಬಂದೂಕೋ, ಮುನಿಸಿಕೊಂಡ ಸೊಸೆಯೋ?" ಎಂದು ಒಬ್ಬ ಕೂಲಿ ಅಂದ. ಎಲ್ಲರೂ ನಕ್ಕರು. ಕ್ಯಾಪ್ಟನ್ ನಗಲಿಲ್ಲ.

"ಕಿಂಡಿ ಎದುರಿಗಿದ್ರೆ ಹಡಗಿನ ತೋಪು ಮೊದಲನೇ ಏಟಿಗೇ ಅದರ ಬಾಯಿ ಮುಚ್ಚಿಸುತ್ತೆ" ಅಂದ. "ಆ ತುದಿ ಗನ್ನು ಈ ತುದಿಯವರ ಮುಂದೆ ಹೊಡೆಯುತ್ತೆ, ಈ ತುದಿದು ಆ ತುದಿಯವರ ಮುಂದೆ. ಒಬ್ಬರ ಬಾಗಿಲನ್ನ ಇನ್ನೊಬ್ಬರು ಕಾಯೋದು. ದೋಣಿಯಿಂದ ಇಳಿದವರು ಸಾಲಾಗಿ ಮೇಲೆ ಓಡಿ ಬರ್ತಾರೆ. ಎದುರಿಂದ ಹೊಡೆದ್ರೆ ಒಂದು ಗುಂಡಿಗೆ ಒಬ್ಬ. ಮಗ್ಗುಲಿಂದ ಹೊಡೆದ್ರೆ..."

"ಇಡೀ ಸಾಲು" ಅಂದ ಮೇಸ್ತ್ರಿ. "ಗೋಡೆ ಉಬ್ಬು ನೋಡೋ ಹಾಗೆ."

ಕ್ಯಾಪ್ಟನ್ ಅವನನ್ನು ಮೊದಲ ಸಲ ನೆಟ್ಟಗೆ ನೋಡಿದ. ಅಂದಿನಿಂದ ಅವನಿಗೆ ಮೇಸ್ತ್ರಿ ಹೇಳಿದ್ದೇ ಅಳತೆ.

ಬಡಗಣ ತುದಿಯ ಕೋಣೆಯೇ ಮುಖ್ಯವಾದದ್ದು. ದಂಡೆಯ ಉಳಿದೆಡೆಯೆಲ್ಲ ನೀರೊಳಗೆ ಬಂಡೆ. ದೋಣಿ ಏರಿಸಬಹುದಾದ ಜಾಗ ಹಳ್ಳದ ಬಾಯಿ ಒಂದೇ, ಕೋಣೆಯಿಂದ ಅಲ್ಲಿಗೆ ಮುನ್ನೂರು ಗಜ. ಹಳ್ಳದಾಚೆಯ ಕಂದಕದಲ್ಲಿ ಹನ್ನೊಂದು ಮಂದಿ ಸೈನಿಕರು ಕೂರುತ್ತಾರೆ, ಈ ಗನ್ನನ್ನೇ ನಂಬಿಕೊಂಡು. ಮಂಜು ಕವಿದಾಗ, ಹೊಗೆ ತುಂಬಿದಾಗ ಗನ್ನಿಗೆ ಕಣ್ಣಿರುವುದಿಲ್ಲ. ಆಗ ಅದನ್ನು ಮೊದಲೇ ಗೊತ್ತುಮಾಡಿದ ಒಂದು ಗೆರೆಗೆ ಬಿಗಿದು ನಿಲ್ಲಿಸಿ, ಕಾಣದಿದ್ದರೂ ಹೊಡೆಯುತ್ತಾರೆ. ಆ ಗೆರೆ ಹಳ್ಳದ ಬಾಯಿಯ ಒಳದಂಡೆಗೆ, ದೋಣಿ ಏರುವ ಕಡೆಗೆ, ತಾಗಲೇಬೇಕು. ಕ್ಯಾಪ್ಟನ್ ದಿಕ್ಸೂಚಿ ಇಟ್ಟು, ಕೋಣೆ ಏಳುವ ಜಾಗದಲ್ಲಿ ಒಂದು ಮಾರು ಅಂತರದಲ್ಲಿ ಹಿಂದೊಂದು ಮುಂದೊಂದು ಗೂಟ ಹೊಡೆಸಿದ.

"ನಾಳೆ ಈ ಎರಡು ಗೂಟದ ಗುರಿಯಲ್ಲಿ ಹಳ್ಳದವರೆಗೆ ನೂಲು ಎಳೀರಿ. ನೂಲಿಗೆ ತಾಗಿದ್ದಕ್ಕೆಲ್ಲ ಕೆಂಪು ಬಣ್ಣ. ಕೆಂಪು ಬಿದ್ದದ್ದು ಎಂಟು ದಿನದಲ್ಲಿ ನೆಲಸಮ. ನನ್ನ ಅಪ್ಪನ ಮನೆಯಾದ್ರೂ ಅಷ್ಟೇ."

ಮಾರನೆಯ ಬೆಳಿಗ್ಗೆ ನಾವಿಬ್ಬರೇ ಹೊರಟೆವು. ಮುನ್ನೂರು ಗಜ ಒಂದೇ ನೂಲು ನಿಲ್ಲುವುದಿಲ್ಲ. ಇಪ್ಪತ್ತು ಗಜಕ್ಕೊಂದು ಗೂಟ ಹೊಡೆದು, ಹಿಂದಿನ ಎರಡರ ಗುರಿಯಲ್ಲಿ ಮುಂದಿನದನ್ನು ನಿಲ್ಲಿಸುತ್ತ ಹೋಗಬೇಕು. ದೋಣಿ ಕಟ್ಟುವವನ ಕೊಟ್ಟಿಗೆಗೆ ನೂಲು ತಾಗಿತು, ಬಣ್ಣ ಹಚ್ಚಿದೆವು. ಬಲೆ ಇಡುವ ಎರಡು ಗುಡಿಸಲಿಗೆ ತಾಗಿತು, ಅವಕ್ಕೂ ಹಚ್ಚಿದೆವು. ಹನ್ನೆರಡನೆಯ ಗೂಟ ಹೊಡೆಯುವಾಗ ಮೇಸ್ತ್ರಿ ಸುತ್ತಿಗೆ ಎತ್ತಿದವನು ಎತ್ತಿದ ಹಾಗೇ ನಿಂತ.

ಮುಂದಿನ ಗೂಟ ಅಕ್ಕನ ಮನೆಯ ಗೋಡೆಯೊಳಗೆ ಬೀಳುತ್ತಿತ್ತು. ಹಾಯಿ ಕೋಣೆಯನ್ನು ಕಿಟಕಿಯ ಪಕ್ಕದಲ್ಲೇ ಸೀಳಿಕೊಂಡು ಗೆರೆ ಹಳ್ಳಕ್ಕೆ ಹೋಗುತ್ತಿತ್ತು.

ಒಳಗಿನಿಂದ ದಬ್ಬಳ ಕ್ಯಾನ್ವಾಸು ದಾಟುವ ಸದ್ದು ಬರುತ್ತಿತ್ತು. ಕಿಟಕಿಯಲ್ಲಿ ಅಕ್ಕನ ತಲೆ ಕಂಡಿತು.

"ಏನೋ, ಬೆಳಿಗ್ಗೇನೇ ಗಾಳಿಪಟ ಹಾರಿಸ್ತಿದ್ದೀರಾ ಇಬ್ಬರೂ?"

"ಸರ್ಕಾರದ ಗಾಳಿಪಟ ಅಕ್ಕಾ" ಅಂದೆ ನಾನು. ಮೇಸ್ತ್ರಿ ಎತ್ತಿದ ಸುತ್ತಿಗೆಯನ್ನು ಕೆಳಗಿಳಿಸಿದ.

"ಅದ್ಯಾಕೋ ಇವನ ಮುಖ ಸುಣ್ಣದ ನೀರಿನ ಹಾಗಾಗಿದೆ? ಒಳಗೆ ಬಂದು ಏನಾದ್ರೂ ತಿಂದ್ಕೊಂಡು ಹೋಗಿ."

"ಆಮೇಲೆ ಬರ್ತೀನಿ ಅಕ್ಕಾ" ಎಂದು ಅವನು ಬೆನ್ನು ತಿರುಗಿಸಿ ಹೊರಟ. ನೆಟ್ಟಗೆ ಬಡಗಣ ತುದಿಗೆ ಬಂದ. ಕ್ಯಾಪ್ಟನ್ ಹೊಡೆಸಿದ್ದ ಎರಡರಲ್ಲಿ ಮುಂದಿನ ಗೂಟವನ್ನು ಕಿತ್ತ. ಕಡಲ ಕಡೆಗೆ ನಾಲ್ಕು ಬೆರಳು ಸರಿಸಿ ಹೊಡೆದ. ಹಳೆಯ ತೂತಿಗೆ ಮರಳು ತುಂಬಿ ಕಾಲಲ್ಲಿ ತುಳಿದ.

ಇಲ್ಲಿ ನಾಲ್ಕು ಬೆರಳೆಂದರೆ ಮುನ್ನೂರು ಗಜದಾಚೆ ಆರು ಮಾರು. ಲೆಕ್ಕ ಅವನಿಗೂ ಗೊತ್ತು, ನನಗೂ ಗೊತ್ತು. ಹೊಸ ಗೆರೆ ಅಕ್ಕನ ಮನೆಯ ಹೊರಗಿಂದ ಹಾದು ನೀರಿಗೆ ಬೀಳುತ್ತಿತ್ತು. ಹಳ್ಳದ ಒಳದಂಡೆ ಬರಿದಾಗುತ್ತಿತ್ತು.

"ಮೇಸ್ತ್ರಿ, ಗೂಟ..."

"ಗೂಟ ಎಲ್ಲಿರಬೇಕೋ ಅಲ್ಲಿದೆ."

"ಹಾಗಾದ್ರೆ ಹಳ್ಳದ ಬಾಯಿ?"

"ಆ ತುದಿ ಗನ್ನು ನೋಡ್ಕೊಳ್ಳುತ್ತೆ ಬಿಡು."

ಆ ತುದಿಯ ಗನ್ನಿಗೆ ದಿಬ್ಬ ಅಡ್ಡ, ಅದಕ್ಕೆ ಒಳದಂಡೆ ಕಾಣುವುದಿಲ್ಲ. ಅದನ್ನು ಹೇಳಬೇಕಾದ ಬಾಯಿ ನನ್ನದು, ಹೇಳಲಿಲ್ಲ. ಎಲ್ಲ ಗೂಟಗಳನ್ನೂ ಕಿತ್ತು ಹೊಸ ಗುರಿಗೆ ಹೊಡೆದೆವು. ಅವನು ಕೊಟ್ಟ ಅಳತೆಗೆ ನಾನು ಅಚ್ಚು ಕಟ್ಟಿದೆ. ಕಿಂಡಿಯ ಕೆನ್ನೆ, ಎಂದರೆ ಊರ ಕಡೆಯ ಪಕ್ಕದಂಚು, ನಾಲ್ಕು ಬೆರಳು ಒಳಕ್ಕೆ ಬಂತು. ಗನ್ನಿನ ಮೂತಿ ಇನ್ನು ಅಕ್ಕನ ಮನೆಯ ಕಡೆಗೆ ಹೊರಳಲಾರದು. ಕಾಂಕ್ರೀಟ್ ಸುರಿದೆವು. ಕಲ್ಲಾಯಿತು.

ಎಂಟನೆಯ ದಿನ ಕೊಟ್ಟಿಗೆ ಬಿತ್ತು. ದೋಣಿ ಕಟ್ಟುವವನು ಅರ್ಧ ಕಟ್ಟಿದ ದೋಣಿಯನ್ನು ಬಯಲಲ್ಲಿ ಬೋರಲು ಹಾಕಿ, ಅದರ ಮೇಲೆ ಕೂತು, ದಾರಿಯಲ್ಲಿ ಹೋಗುತ್ತಿದ್ದ ಮೇಸ್ತ್ರಿಗೆ ಕೇಳುವಂತೆ ಅಂದ: "ನೂಲಿಗೂ ನೆಂಟಸ್ತಿಕೆ ಇರುತ್ತೆ ಕಣ್ರಪ್ಪಾ. ನಮ್ಮ ಕೊಟ್ಟಿಗೆಗೆ ನೆಟ್ಟಗೆ ಬಂತು, ಅಕ್ಕನ ಮನೆ ಬಂದಾಗ ಬಳಸಿಕೊಂಡು ಹೋಯ್ತು."

ಬೇರೆ ದಿನವಾಗಿದ್ದರೆ ಮೇಸ್ತ್ರಿ ಒಂದಕ್ಕೆರಡು ಕೊಡುತ್ತಿದ್ದ. ಅಂದು ತಲೆ ತಗ್ಗಿಸಿ ನಡೆದ. ಅಚ್ಚು ಬಿಚ್ಚಿದ ದಿನ ಅವನು ಗೋಡೆಗೆ ಕೆನ್ನೆ ಒತ್ತಿ ನೋಡಲಿಲ್ಲ. ಆಮೇಲಿನ ನಾಲ್ಕು ವಾರ ಉಂಡದ್ದು ಮೈಗೆ ಹತ್ತದೆ ಕುತ್ತಿಗೆಯ ನರ ಎದ್ದು ಕಾಣತೊಡಗಿತು. ಅವನ ಹೆಂಡತಿ ನನ್ನನ್ನು ಕರೆದು, "ಯಾರಾದ್ರೂ ಏನಾದ್ರೂ ಅಂದ್ರಾ ಇವರಿಗೆ?" ಎಂದು ಕೇಳಿದಳು. ಇಲ್ಲ ಅಂದೆ.

ಗನ್ ಬಂತು. ಅದರ ಹಿಂದೆ ಕೂರುವ ಹವಾಲ್ದಾರನೂ ಬಂದ. ಪರೀಕ್ಷೆಗೆ ಮಂಜಿನ ಬೆಳಗನ್ನೇ ಆರಿಸಿದರು, ಕಾಣದೆ ಹೊಡೆಯುವುದನ್ನೇ ಪರೀಕ್ಷಿಸಬೇಕಾಗಿತ್ತಲ್ಲ. ಹಿಂದಿನ ಸಂಜೆ ದಂಡೆಯುದ್ದಕ್ಕೂ ಡಂಗುರ ಸಾರಿದರು: ಬೆಳಿಗ್ಗೆ ಮೂರು ಸೀಟಿ ಕೇಳುವವರೆಗೆ ಯಾರೂ ಹೊರಗೆ ಬರಕೂಡದು, ಎಲ್ಲರೂ ಮನೆಯೊಳಗೇ ಇರಬೇಕು.

ಗುಂಡು ಹಾರಿದಾಗ ಕಾಂಕ್ರೀಟ್ ಬಿರುಕು ಬಿಡುತ್ತದೋ ನೋಡಲು ನಮ್ಮಿಬ್ಬರಿಗೂ ಕರೆ ಬಂದಿತ್ತು. ಮಂಜು ಎಷ್ಟು ದಟ್ಟವೆಂದರೆ ಹತ್ತು ಹೆಜ್ಜೆಯ ಆಚೆ ಕಡಲೂ ಇಲ್ಲ, ನೆಲವೂ ಇಲ್ಲ. ಕೋಣೆ ಸೇರಿದಾಗ ಹವಾಲ್ದಾರ ಗನ್ನಿನ ಹಿಂದೆ ಕೂತು ತಿರುಪು ಬಿಗಿಯುತ್ತಿದ್ದ. ಗುಂಡಿನ ಪಟ್ಟಿ ಹಾಕಿಯಾಗಿತ್ತು. ಕ್ಯಾಪ್ಟನ್ ಕೈಗಡಿಯಾರ ನೋಡುತ್ತಿದ್ದ.

ಮೇಸ್ತ್ರಿಯ ಕಾಲಿಗೆ ಏನೋ ಚುಚ್ಚಿತು. ಕೆಳಗೆ ನೋಡಿದ. ಕಿಂಡಿಯ ಬುಡದಲ್ಲಿ ಹೊಸದಾಗಿ ಒಡೆದ ಕಾಂಕ್ರೀಟಿನ ಚೂರುಗಳು ಬಿದ್ದಿದ್ದವು. ತಲೆಯೆತ್ತಿ ನೋಡಿದ. ಕಿಂಡಿಯ ಕೆನ್ನೆ ಉಳಿಯ ಏಟಿಗೆ ಹಲ್ಲುಹಲ್ಲಾಗಿತ್ತು.

"ಇದನ್ನ ಯಾರು ಕೆತ್ತಿದ್ದು?"

"ನಾನೇ ಕೆತ್ತಿಸಿದೆ" ಅಂದ ಹವಾಲ್ದಾರ. "ನಕ್ಷೆಯ ಕೋನಕ್ಕೆ ದಿಕ್ಸೂಚಿ ಇಟ್ಟು ತಿರುಗಿಸಿದ್ರೆ ಮೂತಿ ಗೋಡೆಗೆ ಹೊಡೀತಿತ್ತು. ನಿಮ್ಮ ಕಡೆ ಕೆಲಸ ಹೀಗೇನಾ ಮೇಸ್ತ್ರಿ? ನಾಲ್ಕು ಬೆರಳು ಹೆಚ್ಚು! ಈಗ ಸರಿಯಾಗಿ ಕೂತಿದೆ."

ಗನ್ ಈಗ ಮೊದಲಿನ ಗೆರೆಯಲ್ಲಿ ನಿಂತಿತ್ತು. ಆ ಗೆರೆಯಲ್ಲಿ ಕೆಂಪು ಬಣ್ಣ ಹಚ್ಚದ ಒಂದು ಮನೆಯಿತ್ತು. ಆ ಮನೆಯ ಗೋಡೆ ಮುಕ್ಕಾಲು ಅಂಗುಲದ ಹಲಗೆ. ಹೊರಗೆ ಬರಬೇಡಿ ಎಂದು ಸಾರಿದ್ದಕ್ಕೆ ಅಕ್ಕ ಒಳಗೇ ಇರುತ್ತಾಳೆ. ಬೆಳಕು ಸಾಲದ ಬೆಳಗಾದ್ದರಿಂದ ಬೆಂಚನ್ನು ಕಿಟಕಿಗೆ ಇನ್ನಷ್ಟು ಒತ್ತಿಕೊಂಡೇ ಕೂತಿರುತ್ತಾಳೆ.

"ಸಾಹೇಬ್ರೇ" ಅಂದ ಮೇಸ್ತ್ರಿ. "ಇವತ್ತು ಬೇಡ. ಕಾಂಕ್ರೀಟ್ ಇನ್ನೂ ಹಸಿ. ನಡುಗಿದ್ರೆ ಬಿರುಕು ಬಿಡುತ್ತೆ."

"ಇಪ್ಪತ್ತೆಂಟು ದಿನ ಆಗಿದೆ. ಸಾಕು ಅಂತ ನೀವೇ ಹೇಳಿದ್ರಿ."

"ಕೆನ್ನೆ ಕೆತ್ತಿದ್ದೀರಲ್ಲ, ಅದು ಸಡಿಲ ಆಗಿರುತ್ತೆ. ಮೊದಲು ಗಿಲಾವ್ ಮಾಡ್ತೀನಿ, ನಾಳೆ..."

"ಮೇಸ್ತ್ರಿ, ಮಂಜು ನಾಳೆಗೆ ಕಾಯಲ್ಲ. ಪಕ್ಕಕ್ಕೆ ನಿಲ್ಲಿ." ಕ್ಯಾಪ್ಟನ್ ಸೀಟಿಯನ್ನು ತುಟಿಗೆ ಇಟ್ಟುಕೊಂಡ.

ಮನೆಯವರೆಗೆ ಮುನ್ನೂರು ಗಜಕ್ಕೆ ಸ್ವಲ್ಪ ಕಡಿಮೆ, ಅದೂ ಮರಳಲ್ಲಿ. ಓಡಿ ಮುಟ್ಟುವ ದೂರವಲ್ಲ. ಮೇಸ್ತ್ರಿ ಬಾಗಿಲಿಂದ ಹೊರಗೆ ಹಾರಿದ. ಓಡಿಹೋದ ಅಂದುಕೊಂಡೆ. ಮರುಗಳಿಗೆಗೆ ಕಿಂಡಿಯ ಬೆಳಕು ಕಪ್ಪಾಯಿತು. ಹೊರಗಿನಿಂದ ಬಂದು ಎದೆಯನ್ನು ಕಿಂಡಿಗೆ ಅಡ್ಡ ಕೊಟ್ಟು ನಿಂತಿದ್ದ. ಗನ್ನಿನ ಮೂತಿ ಅವನ ಅಂಗಿಯ ಗುಂಡಿಗೆ ತಾಗುತ್ತಿತ್ತು.

"ಏಯ್! ಹುಚ್ಚು ಹಿಡಿದಿದೆಯಾ?" ಹವಾಲ್ದಾರ ಗದರಿದ. ಅವನ ಹೆಬ್ಬೆರಳು ಗನ್ನಿನ ಕುದುರೆಯಿಂದ ಮೇಲೆದ್ದಿತ್ತು.

"ನೂಲು ಸುಳ್ಳು ಸಾಹೇಬ್ರೇ" ಎಂದು ಮೇಸ್ತ್ರಿ ಹೊರಗಿನಿಂದ ಕೂಗಿದ. "ನಾನು ಗೂಟ ಸರಿಸಿದೆ. ಈ ಗೆರೆಯಲ್ಲಿ ನಮ್ಮಕ್ಕ ಕೂತಿದ್ದಾಳೆ."

ಕ್ಯಾಪ್ಟನ್ ಸೀಟಿಯನ್ನು ತುಟಿಯಿಂದ ತೆಗೆಯಲು ಮರೆತಿದ್ದ. ಆಮೇಲೆ ಮೆಲ್ಲಗೆ, "ಪಟ್ಟಿ ತೆಗಿ" ಅಂದ. ಹವಾಲ್ದಾರ ಗುಂಡಿನ ಪಟ್ಟಿ ಎಳೆದು ನೆಲಕ್ಕೆ ಹಾಕಿದ. ಅದು ಬಿದ್ದ ಸದ್ದಿಗೇ ನಾನು ಬೆಚ್ಚಿದೆ.

ಕ್ಯಾಪ್ಟನ್ ಹೊರಗೆ ಬಂದು ನೂಲಿನ ಉಂಡೆ ಕೇಳಿದ. ಗನ್ನಿನ ಮೂತಿಗೇ ಒಂದು ತುದಿ ಕಟ್ಟಿಸಿದ. ಮಂಜು ತುಸು ತೆಳುವಾಗುವವರೆಗೆ ಕಾದು, ಗೂಟ ಹೊಡೆಯುತ್ತ ನಾಲ್ವರೂ ನಡೆದೆವು. ಮೇಸ್ತ್ರಿಯೇ ಗೂಟ ಹಿಡಿದ, ಅವನೇ ಒಂದು ಕಣ್ಣು ಮುಚ್ಚಿ ಗುರಿ ನೋಡಿದ. ಗೂಟ ಒಂದೂ ವಾರೆಯಾಗಲಿಲ್ಲ. ಹದಿಮೂರನೆಯ ಗೂಟಕ್ಕೆ ಹಲಗೆ ಗೋಡೆ ಎದುರಾಯಿತು. ನೂಲು ಕಿಟಕಿಯ ಚೌಕಟ್ಟಿನಿಂದ ಒಂದು ಗೇಣು ಈಚೆ, ಕೂತವರ ಎದೆಯ ಎತ್ತರಕ್ಕೆ ತಾಗಿ ನಿಂತಿತು.

ಗೋಡೆಯ ಆಚೆ ದಬ್ಬಳದ ಸದ್ದು ನಿಂತಿತು. ಅಕ್ಕ ಬಾಗಿಲು ತೆರೆದಳು.

"ಹೊರಗೆ ಬರಬೇಡಿ ಅಂತ ನಮಗೆ ಸಾರ್ತೀರಿ, ನೀವು ಮಾತ್ರ ಮೆರವಣಿಗೆ ಬರ್ತೀರಿ. ಮೂರು ಸೀಟಿ ಆಯ್ತಾ?"

ಅವಳು ನೂಲನ್ನು ನೋಡಿದಳು. ಅದು ಬಂದ ದಿಕ್ಕನ್ನು ನೋಡಿದಳು. ತಮ್ಮನ ಮುಖ ನೋಡಿದಳು. ಗಾಳಿಯ ದಿಕ್ಕು ನೋಡಿ ಹಾಯಿ ಹೊಲಿಯುವ ಹೆಂಗಸು, ಬಿಡಿಸಿ ಹೇಳಬೇಕಾಗಿರಲಿಲ್ಲ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಮೇಲೆ ಕೂತಳು.

"ನಿಮ್ಮ ಮನೆ ಉಳಿಸೋಕೆ ನಿಮ್ಮ ತಮ್ಮ ಶತ್ರುವಿಗೆ ಆರು ಮಾರು ಬಾಗಿಲು ತೆರೆದಿಟ್ಟಿದ್ದಾರೆ" ಅಂದ ಕ್ಯಾಪ್ಟನ್. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಹಳ್ಳದಾಚೆ ಹನ್ನೊಂದು ಜನ ಈ ಗನ್ನಿದೆ ಅಂತ ಧೈರ್ಯವಾಗಿ ಮಲಗ್ತಾರೆ. ಯುದ್ಧಕಾಲದಲ್ಲಿ ಇದಕ್ಕೆ ಏನು ಶಿಕ್ಷೆ ಗೊತ್ತಾ ಮೇಸ್ತ್ರಿ?"

"ಗೊತ್ತು."

"ಅಚ್ಚು ಕಟ್ಟಿದ್ದು ಯಾರು?"

ಮೇಸ್ತ್ರಿ ನನ್ನ ಕಡೆ ನೋಡಲೇ ಇಲ್ಲ. "ಬಡಗಿ. ಅವನಿಗೆ ನಾನು ಕೊಟ್ಟ ಅಳತೆ ಮಾತ್ರ ಗೊತ್ತು, ಗೂಟ ಗೊತ್ತಿಲ್ಲ."

ನಾನು ನೆಲ ನೋಡುತ್ತ ನಿಂತೆ.

ಅಂದೇ ಅವನನ್ನು ಠಾಣೆಯ ಹಿಂದಿನ ಕೋಣೆಗೆ ಹಾಕಿದರು. ಮೂರು ದಿನ ಏನೇನೋ ಸುದ್ದಿ ಹಬ್ಬಿತು. ಊರಾಚೆ ಒಯ್ಯುತ್ತಾರೆ, ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ ಎಂದೆಲ್ಲ. ಅವನ ಹೆಂಡತಿ ಒಲೆ ಹಚ್ಚಲಿಲ್ಲ. ಆ ಮೂರು ದಿನದಲ್ಲೇ ಅಕ್ಕನ ಮನೆ ಬಿತ್ತು. ಸೈನಿಕರು ಬರುವ ಮೊದಲೇ ದೋಣಿ ಕಟ್ಟುವವನು ಹಾರೆ ಹಿಡಿದು ಬಂದಿದ್ದ. "ಅವರು ಕೆಡವಿದ್ರೆ ಸೌದೆ ಆಗುತ್ತೆ, ನಾವು ಬಿಚ್ಚಿದ್ರೆ ಹಲಗೆ ಆಗುತ್ತೆ" ಎಂದನಷ್ಟೇ. ಅವನೂ ನಾನೂ ಸೇರಿ ಮೊಳೆ ಮೊಳೆ ಕಿತ್ತೆವು. ಅಕ್ಕ ತಮ್ಮನ ಮನೆಗೆ ಹೋಗಿ ಒಲೆಯ ಮುಂದೆ ಕೂತಳು.

ನಾಲ್ಕನೆಯ ದಿನ ತೀರ್ಮಾನ ಬಂತು. ಮೇಸ್ತ್ರಿ ತಾನಾಗಿಯೇ ಬಂದು ತಪ್ಪು ಹೇಳಿದ, ಗುಂಡು ಹಾರುವ ಮೊದಲೇ ಹೇಳಿದ ಎಂದು ಕ್ಯಾಪ್ಟನ್ ಬರೆದಿದ್ದನಂತೆ. ಎರಡು ತಿಂಗಳ ಸೆರೆ, ಸೇನೆಯ ಕೆಲಸಕ್ಕೆ ಇನ್ನು ಕರೆಯುವುದಿಲ್ಲ, ಅಷ್ಟೇ. ಯುದ್ಧ ಮುಗಿಯುವವರೆಗೂ ಆ ಹಳ್ಳಕ್ಕೆ ಶತ್ರುವಿನ ಒಂದು ದೋಣಿಯೂ ಬರಲಿಲ್ಲ. ಆದರೆ ಅದು ಅಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾಲದಲ್ಲಿ ಮಾಡಿದ್ದನ್ನು ಗೊತ್ತಾದ ಕಾಲದಲ್ಲಿ ಕೂತು ತೂಗಬಾರದು.

ತೀರ್ಮಾನ ಬಂದ ಮಧ್ಯಾಹ್ನ ಅಕ್ಕ ಬುತ್ತಿ ಕಟ್ಟಿಕೊಂಡು ಠಾಣೆಗೆ ಹೊರಟಳು. ಜೊತೆಗೆ ನನ್ನನ್ನೂ ಕರೆದಳು. ಕಂಬಿಯಾಚೆ ಮೇಸ್ತ್ರಿ ಗೋಡೆಗೆ ಒರಗಿ ಕೂತಿದ್ದ. ಅಕ್ಕನನ್ನು ಕಂಡು ಎದ್ದು ನಿಂತ. ಅವಳು ಬುತ್ತಿಯನ್ನು ಕಂಬಿಯ ಸಂದಿನಲ್ಲಿ ತಳ್ಳಿದಳು.

"ಉಣ್ಣು."

"ಅಕ್ಕಾ, ನಾನು..."

"ಮೊದಲು ಉಣ್ಣು. ಹಸಿದವನಿಗೆ ಬೈದ್ರೆ ಬೈಗುಳ ಮೈಗೆ ಹತ್ತಲ್ಲ."

ಕಾವಲಿನವನು ಮುಖ ತಿರುಗಿಸಿ ನಕ್ಕ. ಮೇಸ್ತ್ರಿ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದ. ಅಕ್ಕನೂ ಈಚೆ ಕಡೆ ನೆಲದ ಮೇಲೆ ಕೂತಳು. ಅವನು ನಾಲ್ಕು ತುತ್ತು ನುಂಗುವವರೆಗೆ ಕಾದಳು.

"ಮನೆ ಹೋಯ್ತು ಅಂತ ಬಂದಿಲ್ಲ ನಾನು. ಹಲಗೆ ಮನೆ. ಇವತ್ತಲ್ಲ ನಾಳೆ ಕಡಲೇ ತಿಂದ್ಕೊಳ್ತಿತ್ತು. ಅವತ್ತು ಬೆಳಿಗ್ಗೆ ಕಿಟಕಿ ಹೊರಗೆ ನಿಂತಿದ್ಯಲ್ಲ, ಒಳಗೆ ಬಾ ಅಂತ ಕರೆದೆ. ಬಂದು ಒಂದು ಮಾತು ಕೇಳಬಾರದಿತ್ತೇನೋ?"

"ನೀನು ಒಪ್ತಿರಲಿಲ್ಲ."

"ಯಾವುದಕ್ಕೆ? ಮನೆ ಕೆಡವೋಕಾ, ಗೂಟ ಸರಿಸೋಕಾ?"

ಅವನ ಕೈ ಬುತ್ತಿಯಲ್ಲೇ ನಿಂತಿತು.

"ಗೂಟ ಸರಿಸೋಕೆ" ಅಂದ ಕೊನೆಗೆ. "ಅದು ಗೊತ್ತಿದ್ದೇ ಕೇಳಲಿಲ್ಲ."

ಅಕ್ಕ ಕಂಬಿಯೊಳಗೆ ಕೈ ಹಾಕಿ ಬುತ್ತಿಯನ್ನು ಅವನ ಮೊಣಕಾಲ ಹತ್ತಿರಕ್ಕೆ ಸರಿಸಿದಳು.

"ಇನ್ನೂ ಅರ್ಧ ಇದೆ, ಮುಗಿಸು" ಅಂದಳು. "ಎರಡು ತಿಂಗಳಿದೆ ನನ್ನ ಕೈಲಿ. ದಿನಾ ಬರ್ತೀನಿ, ದಿನಾ ಬೈತೀನಿ."